ಬೆಲೆ, ಬೆಡಗು ಮತ್ತು ವಿವೇಕ

ಉಡುಪಿನ ಸೊಗಸನ್ನು ಅದರ ಬೆಲೆಯಿಂದ ಅಳೆಯುವ ರೂಢಿ ಎಷ್ಟು ಹಳೆಯದೋ, ಬೆಲೆಗೂ ಸೊಗಸಿಗೂ ಅಂಥ ನೇರ ನಂಟಿಲ್ಲವೆಂಬ ಅರಿವೂ ಅಷ್ಟೇ ಹಳೆಯದು. ಸಂತೆಯಲ್ಲಿ ಕೊಂಡ ಹತ್ತಿಯ ದುಪಟ್ಟಾ, ರಫ್ತಿಗೆಂದು ಹೊಲಿದು ಉಳಿದುಹೋದ ಅಂಗಿ, ಅಜ್ಜಿಯ ಟ್ರಂಕಿನಲ್ಲಿದ್ದ ನೂಲಿನ ಸೀರೆ ಮುಂತಾದ ಅಲ್ಪಬೆಲೆಯ ವಸ್ತ್ರಗಳನ್ನು ಬೆಲೆಬಾಳುವ ಉಡುಪುಗಳೊಂದಿಗೆ ಬೆರೆಸಿ ಉಡುವುದನ್ನು ಇಂದಿನ ಫ್ಯಾಷನ್ ಬರವಣಿಗೆಯು ಕಡಿಮೆ ಹಣದಲ್ಲಿ ಸಿರಿವಂತರಂತೆ ಕಾಣುವ ಉಪಾಯವೆಂದು ಬಣ್ಣಿಸುತ್ತದೆ. ಈ ಬಣ್ಣನೆ ವಿಷಯದ ಅರ್ಧವನ್ನಷ್ಟೇ ಹೇಳುತ್ತದೆ. ಅಗ್ಗದ ಬಟ್ಟೆಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ತಮ್ಮ ಸರಳತೆಯಿಂದ ಅಗ್ಗವಾಗಿರುತ್ತವೆ, ಕೆಲವು ಮಾರಾಟವಾಗದೆ ಉಳಿದದ್ದರಿಂದ ಅಥವಾ ಒಮ್ಮೆ ಬಳಕೆಯಾದದ್ದರಿಂದ ಅಗ್ಗವಾಗಿರುತ್ತವೆ, ಇನ್ನು ಕೆಲವು ಅವುಗಳ ನಿಜವಾದ ಖರ್ಚನ್ನು ಬೇರೆ ಯಾರೋ ಹೊತ್ತದ್ದರಿಂದ ಅಗ್ಗವಾಗಿರುತ್ತವೆ. ಒಂದು ಉಡುಪು ಯಾವ ಕಾರಣದಿಂದ ಅಗ್ಗವಾಯಿತೆಂದು ತಿಳಿದು ಆರಿಸುವ ವಿವೇಕವೇ ಸೊಗಸಿನ ತಳಹದಿ ಎಂಬುದು ಇಲ್ಲಿನ ವಾದ.

ಬೆಲೆಯೇ ಸೊಗಸಾಗಿ ಕಾಣುವ ಮನಃಸ್ಥಿತಿಯನ್ನು ಸಮಾಜಶಾಸ್ತ್ರಜ್ಞರು ಬಹಳ ಹಿಂದೆಯೇ ವಿಶ್ಲೇಷಿಸಿದ್ದಾರೆ. ಅಮೆರಿಕದ ಚಿಂತಕ ಥಾರ್ಸ್ಟೀನ್ ವೆಬ್ಲೆನ್ 1899ರಲ್ಲಿ ಪ್ರಕಟಿಸಿದ ‘ದಿ ಥಿಯರಿ ಆಫ್ ದಿ ಲೀಷರ್ ಕ್ಲಾಸ್’ ಎಂಬ ಗ್ರಂಥದಲ್ಲಿ ‘ಪ್ರದರ್ಶನದ ಬಳಕೆ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟನು. ವಸ್ತುವಿನ ಉಪಯೋಗಕ್ಕಿಂತ ಅದನ್ನು ಕೊಳ್ಳುವ ಶಕ್ತಿ ತನಗಿದೆಯೆಂದು ಪರರಿಗೆ ತೋರಿಸುವುದೇ ಮುಖ್ಯವಾಗುವ ಬಳಕೆ ಇದು. ಈ ಪ್ರದರ್ಶನಕ್ಕೆ ಉಡುಪಿನಷ್ಟು ಒದಗಿಬರುವ ವಸ್ತು ಮತ್ತೊಂದಿಲ್ಲವೆಂದು ಅವನು ಕಂಡುಕೊಂಡನು, ಏಕೆಂದರೆ ಮನೆಯನ್ನೂ ಪಾತ್ರೆಪದಾರ್ಥವನ್ನೂ ಅತಿಥಿಗಳಷ್ಟೇ ನೋಡಬಲ್ಲರು, ಉಡುಪನ್ನು ಬೀದಿಯಲ್ಲಿ ಹೋಗುವ ಅಪರಿಚಿತರೂ ನೋಡುತ್ತಾರೆ. ಜರ್ಮನಿಯ ಗೇಯಾರ್ಗ್ ಜಿಮ್ಮೆಲ್ 1904ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಇದೇ ವಿಚಾರದ ಇನ್ನೊಂದು ಮುಖವನ್ನು ತೋರಿಸಿದನು: ಮೇಲಿನವರ ಉಡುಗೆಯನ್ನು ಕೆಳಗಿನವರು ಅನುಕರಿಸುತ್ತಾರೆ, ಅನುಕರಣೆ ಹಬ್ಬಿದೊಡನೆ ಮೇಲಿನವರು ಅದನ್ನು ತೊರೆದು ಹೊಸದನ್ನು ಹಿಡಿಯುತ್ತಾರೆ, ಹೀಗೆ ಫ್ಯಾಷನ್ ಎಂಬುದು ಎಂದೂ ನಿಲ್ಲದ ಓಟವಾಗುತ್ತದೆ. ಅಗ್ಗದ ಬಟ್ಟೆಯಿಂದ ದುಬಾರಿಯಂತೆ ಕಾಣಬೇಕೆಂದು ಬಯಸುವವರು ಈ ಓಟದಿಂದ ಹೊರಬಂದವರಲ್ಲ, ಅದರ ಹಿಂದಿನ ಸಾಲಿನಲ್ಲಿ ನಿಂತವರು. ಆದ್ದರಿಂದ ಅಗ್ಗವಾದದ್ದು ದುಬಾರಿಯ ವೇಷ ತೊಡದೆ, ತನ್ನದೇ ಗುಣದಿಂದ ದುಬಾರಿಯ ಪಕ್ಕದಲ್ಲಿ ನಿಲ್ಲುವ ಬಗೆ ಯಾವುದೆಂಬುದೇ ವಿಚಾರಾರ್ಹವಾದ ಪ್ರಶ್ನೆ.

ಪಾಶ್ಚಾತ್ಯ ಫ್ಯಾಷನ್ನಿನ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಕೆಲವು ಹೆಸರಾಂತ ಉತ್ತರಗಳಿವೆ. ಪ್ಯಾರಿಸ್ಸಿನ ವಿನ್ಯಾಸಕಿ ಕೊಕೊ ಶನೆಲ್ ಮೊದಲ ಮಹಾಯುದ್ಧದ ಕಾಲದಲ್ಲಿ, ಅದುವರೆಗೆ ಹೆಚ್ಚಾಗಿ ಗಂಡಸರ ಒಳಉಡುಪಿಗೆ ಬಳಕೆಯಾಗುತ್ತಿದ್ದ ಜರ್ಸಿ ಎಂಬ ಹೆಣಿಗೆಬಟ್ಟೆಯಿಂದ ಮಹಿಳೆಯರ ಉಡುಪುಗಳನ್ನು ಸಿದ್ಧಪಡಿಸಿದಳು. ಮುಂದೆ ಅಪ್ಪಟ ಮುತ್ತುಗಳೊಂದಿಗೆ ಗಾಜಿನ ಮುತ್ತುಗಳನ್ನು ಬೆರೆಸಿ ತೊಡುವುದನ್ನೂ ರೂಢಿಗೆ ತಂದಳು. ಅಮೆರಿಕದ ‘ವೋಗ್’ ಪತ್ರಿಕೆಯ ಸಂಪಾದಕತ್ವ ವಹಿಸಿಕೊಂಡ ಆ್ಯನಾ ವಿಂಟೂರ್ ಅವರ ಮೊದಲ ಸಂಚಿಕೆ 1988ರ ನವೆಂಬರಿನಲ್ಲಿ ಹೊರಬಂದಾಗ, ಅದರ ಮುಖಪುಟದ ರೂಪದರ್ಶಿ ಸುಮಾರು 10,000 ಡಾಲರ್ ಬೆಲೆಯ, ಹರಳುಗಳಿಂದ ಅಲಂಕೃತವಾದ ಜಾಕೆಟ್ಟಿನೊಂದಿಗೆ ಸುಮಾರು 50 ಡಾಲರಿನ ಮಾಸಿದ ಜೀನ್ಸ್ ತೊಟ್ಟಿದ್ದಳು. 1998ರ ಆಸ್ಕರ್ ಸಮಾರಂಭಕ್ಕೆ ನಟಿ ಶರೋನ್ ಸ್ಟೋನ್ ಹೆಸರಾಂತ ವಿನ್ಯಾಸಕಿಯೊಬ್ಬರ ಉದ್ದನೆಯ ಲಂಗದ ಮೇಲೆ ಗ್ಯಾಪ್ ಕಂಪನಿಯ ಬಿಳಿಯ ಸಾದಾ ಅಂಗಿ ಧರಿಸಿ ಬಂದರು. ಬೆಲೆಯ ಏಣಿಯ ಎರಡು ತುದಿಗಳು ಒಂದೇ ಮೈಮೇಲೆ ಕೂಡಬಲ್ಲವೆಂಬುದನ್ನು ಈ ನಿದರ್ಶನಗಳು ತೋರಿಸಿದ್ದು ನಿಜ. ಆದರೆ ಜೀನ್ಸಿಗೆ ಘನತೆ ತಂದದ್ದು ಅದರ ಮೇಲಿದ್ದ ಜಾಕೆಟ್ಟು, ಅಂಗಿಗೆ ಘನತೆ ತಂದದ್ದು ಅದನ್ನು ತೊಟ್ಟವರ ಕೀರ್ತಿ ಎಂಬುದೂ ಅಷ್ಟೇ ನಿಜ. ಅದೇ ಅಂಗಿಯನ್ನು ತೊಟ್ಟ ಅಂಗಡಿಯ ನೌಕರಳನ್ನು ಯಾವ ಪತ್ರಿಕೆಯೂ ಸೊಗಸುಗಾತಿಯೆಂದು ಕರೆಯಲಿಲ್ಲ.

ಈ ಮಿತಿಯನ್ನು ಭಾರತದ ಸಂದರ್ಭದಲ್ಲಿ ಇನ್ನಷ್ಟು ಎಚ್ಚರದಿಂದ ನೋಡಬೇಕಾಗುತ್ತದೆ, ಏಕೆಂದರೆ ಇಲ್ಲಿ ಯಾರು ಏನು ಉಡಬೇಕು, ಹೇಗೆ ಉಡಬೇಕು ಎಂಬುದನ್ನು ಹಣದ ಜೊತೆಗೆ ಜಾತಿಯೂ ನಿರ್ಧರಿಸುತ್ತಿತ್ತು. 1927ರ ಡಿಸೆಂಬರಿನಲ್ಲಿ ಇಂದಿನ ಮಹಾರಾಷ್ಟ್ರದ ಮಹಾಡದಲ್ಲಿ ನೆರೆದಿದ್ದ ದಲಿತ ಮಹಿಳೆಯರನ್ನು ಉದ್ದೇಶಿಸಿ ಮಾತನಾಡಿದ ಡಾ. ಬಿ. ಆರ್. ಅಂಬೇಡ್ಕರ್, ಜಾತಿಯ ಗುರುತಾಗಿ ಉಳಿದಿದ್ದ ಸೀರೆಯ ಕಟ್ಟನ್ನೂ ಒಡವೆಗಳನ್ನೂ ಬಿಟ್ಟು, ಸವರ್ಣ ಮಹಿಳೆಯರಂತೆ ಸೀರೆ ಉಡಬೇಕೆಂದೂ ಶುಚಿಯಾಗಿರಬೇಕೆಂದೂ ಕರೆಕೊಟ್ಟರು. ಅವರು ಸ್ವತಃ ಅಚ್ಚುಕಟ್ಟಾದ ಸೂಟಿನಲ್ಲೇ ಸಾರ್ವಜನಿಕವಾಗಿ ಕಾಣಿಸಿಕೊಳ್ಳುತ್ತಿದ್ದುದು ಇದೇ ನಿಲುವಿಗೆ ಹೊಂದುವಂಥದು. ಚೆನ್ನಾಗಿ ಉಡುವುದು ಕೆಲವರಿಗೆ ಹವ್ಯಾಸವಾದರೆ ಮತ್ತೆ ಕೆಲವರಿಗೆ ಹಕ್ಕಿನ ಸ್ಥಾಪನೆಯಾಗಿರುತ್ತದೆ. ಆದ್ದರಿಂದ ಸರಳತೆಯನ್ನು ಹೊಗಳುವ ಯಾವ ವಾದವೂ ಇಲ್ಲದವರಿಗೆ ಸಾಕೆನ್ನಿಸುವ ಉಪದೇಶವಾಗಬಾರದು. ಅಗ್ಗದ ಉಡುಪಿನ ಸೊಗಸನ್ನು ಕುರಿತ ಚರ್ಚೆಗೆ ಅರ್ಥ ಬರುವುದು, ಅದನ್ನು ಉಟ್ಟವರೆಲ್ಲರಿಗೂ ಒಂದೇ ಮರ್ಯಾದೆ ಸಲ್ಲುವಂತಾದಾಗ. ಆ ಮರ್ಯಾದೆಗೆ ಆಧಾರವಾಗಬಲ್ಲ ಸೌಂದರ್ಯದೃಷ್ಟಿಯು ಪರದೇಶದ ಮುಖಪುಟಗಳಿಗಿಂತ ಸ್ಪಷ್ಟವಾಗಿ ಕನ್ನಡ ನಾಡಿನ ಮಗ್ಗಗಳಲ್ಲಿ ದೊರೆಯುತ್ತದೆ.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆ ಇದಕ್ಕೆ ಅತ್ಯುತ್ತಮ ಉದಾಹರಣೆ. ಸಾಂಪ್ರದಾಯಿಕವಾದ ಒಂದು ಬಗೆಯ ಇಳಕಲ್ ಸೀರೆಯ ಒಡಲು ಹತ್ತಿಯ ನೂಲಿನದು, ದಡಿ ಮತ್ತು ಸೆರಗು ರೇಷ್ಮೆಯವು. ಮಗ್ಗದಲ್ಲಿ ಉದ್ದಕ್ಕೆ ಹಾಸುವ ಎಳೆಗಳನ್ನು ಹಾಸು ಎಂದೂ, ಅಡ್ಡಕ್ಕೆ ಹಾಯಿಸುವ ಎಳೆಗಳನ್ನು ಹೊಕ್ಕು ಎಂದೂ ಕರೆಯುತ್ತಾರೆ. ಒಡಲಿನ ಹತ್ತಿಯ ಹಾಸಿಗೂ ಸೆರಗಿನ ರೇಷ್ಮೆಯ ಹಾಸಿಗೂ ಒಂದೊಂದೇ ಎಳೆಯನ್ನು ಕುಣಿಕೆಯಂತೆ ಸಿಕ್ಕಿಸಿ ಜೋಡಿಸುವ ವಿಧಾನಕ್ಕೆ ಕೊಂಡಿ ಎಂಬ ಹೆಸರಿದೆ. ಟೋಪಿ ತೆನಿ ಎಂದು ಹೆಸರಾದ ಕೆಂಪು ಸೆರಗು ಹೀಗೆ ನೂಲಿನ ಒಡಲಿಗೆ ಕೂಡಿಕೊಳ್ಳುತ್ತದೆ. ಈ ರಚನೆಯ ಹಿಂದಿರುವ ತರ್ಕ ಗಮನಾರ್ಹವಾದದ್ದು: ಬಿಸಿಲ ನಾಡಿನಲ್ಲಿ ದಿನವಿಡೀ ಮೈಗಂಟಿರುವ, ಬೆವರು ಹೀರಬೇಕಾದ, ಪದೇ ಪದೇ ಒಗೆಯಬೇಕಾದ ಭಾಗಕ್ಕೆ ಅಗ್ಗವೂ ಗಟ್ಟಿಯೂ ಆದ ಹತ್ತಿ, ನೋಡುವವರ ಕಣ್ಣು ಮೊದಲು ಹೋಗುವ ಅಂಚಿಗೂ ಸೆರಗಿಗೂ ಹೊಳಪಿನ ರೇಷ್ಮೆ. ದುಬಾರಿಯಾದದ್ದು ಎಲ್ಲಿ ತನ್ನ ಕೆಲಸ ಮಾಡಬಲ್ಲದೋ ಅಲ್ಲಿ ಮಾತ್ರ ಅದನ್ನು ಬಳಸಿ, ಉಳಿದೆಡೆ ಅಗ್ಗವಾದದ್ದರ ಸಹಜ ಗುಣವನ್ನು ನೆಚ್ಚಿಕೊಳ್ಳುವ ಈ ಕ್ರಮದಲ್ಲಿ ಹತ್ತಿಯು ರೇಷ್ಮೆಯಂತೆ ನಟಿಸುವುದಿಲ್ಲ, ರೇಷ್ಮೆಯು ಹತ್ತಿಯನ್ನು ಮರೆಮಾಚುವುದಿಲ್ಲ. ಗುಜರಾತಿನ ಮಶ್ರೂ ಬಟ್ಟೆಯಲ್ಲಿಯೂ ಹೊರಮೈಗೆ ರೇಷ್ಮೆ ಬಂದು ಒಳಮೈಗೆ ಹತ್ತಿ ತಾಗುತ್ತದೆ. ಬೆರೆಸಿ ಉಡುವ ಕಲೆಯನ್ನು ನೇಕಾರರು ಬಟ್ಟೆಯೊಳಗೇ ಸಾಧಿಸಿದ್ದರೆಂಬುದಕ್ಕೆ ಇವು ಸಾಕ್ಷಿ.

ಇಳಕಲ್ಲಿಗೆ ದೂರವಲ್ಲದ ಗುಳೇದಗುಡ್ಡದ ಖಣವೂ ಇದೇ ಪಾಠವನ್ನು ಬೇರೊಂದು ಬಗೆಯಲ್ಲಿ ಕಲಿಸುತ್ತದೆ. ಖಣವೆಂದರೆ ಕುಪ್ಪಸಕ್ಕೆಂದೇ ನೇಯ್ದ, ಸಣ್ಣ ಸಣ್ಣ ಬುಟ್ಟಾಗಳುಳ್ಳ, ಅಂಚಿರುವ ತುಂಡು ಬಟ್ಟೆ. ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಅಕ್ಕಿ, ತೆಂಗಿನಕಾಯಿಗಳೊಂದಿಗೆ ಖಣ ಕೊಡುವ ಸಂಪ್ರದಾಯವಿದೆ. ರೇಷ್ಮೆ ಸೀರೆ ಕೊಡುವ ಶಕ್ತಿಯಿಲ್ಲದ ಮನೆಯೂ ಖಣ ಕೊಟ್ಟು ಗೌರವ ಸಲ್ಲಿಸಬಲ್ಲದು, ಪಡೆದವರೂ ಅದನ್ನು ಕಡಿಮೆಯೆಂದು ಎಣಿಸುವುದಿಲ್ಲ. ಸಾದಾ ಸೀರೆಯ ಮೇಲೆ ಖಣದ ಕುಪ್ಪಸ ತೊಟ್ಟರೆ ಇಡೀ ಉಡುಗೆಯ ಚೆಲುವು ಮಾರ್ಪಡುವುದನ್ನು ಬಲ್ಲ ನಗರದ ಯುವತಿಯರು ಈಚೆಗೆ ಅದೇ ಬಟ್ಟೆಯಿಂದ ಅಂಗಿ, ಜಾಕೆಟ್, ಚೀಲಗಳನ್ನೂ ಹೊಲಿಸಿಕೊಳ್ಳುತ್ತಿದ್ದಾರೆ. ಉಡುಗೆಯ ಒಂದು ಸಣ್ಣ ಭಾಗ ತನ್ನ ಬಣ್ಣ ಮತ್ತು ನೇಯ್ಗೆಯ ಬಲದಿಂದಲೇ ಇಡಿಯದನ್ನು ಎತ್ತಿ ನಿಲ್ಲಿಸಬಲ್ಲುದಾದರೆ ಅದರ ಬೆಲೆ ಎಷ್ಟೆಂಬ ಪ್ರಶ್ನೆ ಗೌಣವಾಗುತ್ತದೆ. ಇದು ಅಗ್ಗತನದ ಮೊದಲ ಬಗೆ: ಕಚ್ಚಾವಸ್ತು ಸಾಮಾನ್ಯವಾದದ್ದರಿಂದ, ಅಳತೆ ಕಿರಿದಾದದ್ದರಿಂದ, ನೇಕಾರರಿಗೂ ಕೊಳ್ಳುವವರಿಗೂ ನಡುವೆ ಜಾಹೀರಾತು ಮತ್ತು ಬ್ರ್ಯಾಂಡಿನ ಹೆಸರಿಗೆ ತೆರಬೇಕಾದ ಹಣವಿಲ್ಲದ್ದರಿಂದ ಬಂದ ಅಗ್ಗತನ. ಇದು ಪ್ರಾಮಾಣಿಕವಾದದ್ದು, ಯಾವ ಸಂಕೋಚವೂ ಇಲ್ಲದೆ ಅತ್ಯಂತ ದುಬಾರಿಯಾದ ಉಡುಪಿನ ಪಕ್ಕದಲ್ಲಿ ನಿಲ್ಲಲು ಯೋಗ್ಯವಾದದ್ದು.

ಎರಡನೆಯ ಬಗೆ, ಉಳಿಕೆಯಿಂದ ಅಥವಾ ಹಿಂದಿನ ಬಳಕೆಯಿಂದ ಬರುವ ಅಗ್ಗತನ. ಸಿದ್ಧ ಉಡುಪಿನ ಕಾರ್ಖಾನೆಗಳು ಹೇರಳವಾಗಿರುವ ಬೆಂಗಳೂರಿನಲ್ಲಿ, ವಿದೇಶದ ಖರೀದಿದಾರರು ತಿರಸ್ಕರಿಸಿದ ಅಥವಾ ಆದೇಶಕ್ಕಿಂತ ಹೆಚ್ಚಾಗಿ ಹೊಲಿದ ಮಾಲು ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’ ಎಂಬ ಹೆಸರಿನಲ್ಲಿ ಸಣ್ಣ ಅಂಗಡಿಗಳಿಗೆ ಬಂದು ಮೂಲ ಬೆಲೆಯ ಅಲ್ಪಭಾಗಕ್ಕೆ ಮಾರಾಟವಾಗುತ್ತದೆ. ಈ ಹೆಸರಿನಲ್ಲಿ ಮಾರುವುದೆಲ್ಲವೂ ನಿಜವಾದ ರಫ್ತಿನ ಮಾಲಲ್ಲವಾದರೂ, ಬಟ್ಟೆ ಬಲ್ಲ ಕಣ್ಣಿಗೆ ಅಸಲಿಯ ಗುರುತು ಸಿಗುವುದುಂಟು. ಆಗಲೇ ನೂಲು, ನೀರು, ಬಣ್ಣ, ಶ್ರಮಗಳನ್ನು ಹೀರಿ ಸಿದ್ಧವಾದ ಬಟ್ಟೆ ಕಸವಾಗದಂತೆ ತಡೆಯುವುದು ಇಂಥ ಖರೀದಿಯ ಹೆಚ್ಚಿನ ಲಾಭ. ಮನೆಯ ಹಿರಿಯರ ಉಡುಪೂ ಇದೇ ಗುಂಪಿಗೆ ಸೇರುತ್ತದೆ. ತಾಯಿಯ ಸೀರೆಯನ್ನು ಮಗಳು ಉಡುವುದು, ಅಂಚು ಗಟ್ಟಿಯಾಗಿದ್ದು ಒಡಲು ಜೀರ್ಣವಾದ ಸೀರೆಯ ಅಂಚನ್ನು ಹೊಸ ಲಂಗಕ್ಕೆ ಹೊಲಿಸುವುದು, ಕೊನೆಗೆ ಹಳೆಯ ಬಟ್ಟೆಗಳನ್ನೆಲ್ಲ ಸೇರಿಸಿ ಕೌದಿ ಹೊಲಿಯುವುದು ಈ ನಾಡಿಗೆ ಹೊಸತಲ್ಲ. ಆದರೆ ಬಂಧುಗಳ ಹಳೆಯ ಬಟ್ಟೆಯನ್ನು ಪ್ರೀತಿಯಿಂದ ಉಡುವ ಸಮಾಜವೇ ಅಪರಿಚಿತರು ಉಟ್ಟದ್ದೆಂದರೆ ಹಿಂಜರಿಯುತ್ತದೆ. ಈ ಹಿಂಜರಿಕೆಯಲ್ಲಿ ಶುಚಿತ್ವದ ಕಾಳಜಿಗಿಂತ ಮಡಿಮೈಲಿಗೆಯ ಪಳೆಯುಳಿಕೆ ಮತ್ತು ದಾನ ಪಡೆದವರೆನಿಸಿಕೊಳ್ಳುವ ಅಂಜಿಕೆಯೇ ಹೆಚ್ಚಾಗಿದೆ. ಬಿಸಿನೀರು, ಸಾಬೂನುಗಳಿಂದ ಶುಚಿತ್ವದ ಪ್ರಶ್ನೆ ಬಗೆಹರಿದ ಮೇಲೂ ಉಳಿಯುವ ಹಿಂಜರಿಕೆಯನ್ನು ಬಿಡುವುದೇ ಸರಿ.

ಮೂರನೆಯ ಬಗೆ ಬೇರೆಯವರ ನಷ್ಟದಿಂದ ಹುಟ್ಟುವ ಅಗ್ಗತನ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಬಹುಮಹಡಿ ಕಟ್ಟಡ ಕುಸಿದು, ಅದರೊಳಗಿನ ಸಿದ್ಧ ಉಡುಪು ಕಾರ್ಖಾನೆಗಳ 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿದ್ದರೂ ಕಾರ್ಮಿಕರನ್ನು ಕೆಲಸಕ್ಕೆ ಕರೆಸಲಾಗಿತ್ತು. ವಾರಕ್ಕೊಂದು ಹೊಸ ವಿನ್ಯಾಸವನ್ನು ಅತಿ ಕಡಿಮೆ ಬೆಲೆಗೆ ಮಾರುಕಟ್ಟೆಗೆ ತರುವ ‘ಫಾಸ್ಟ್ ಫ್ಯಾಷನ್’ ಎಂಬ ವ್ಯಾಪಾರಕ್ರಮವು ಹೊಲಿಯುವವರ ಮೇಲೆ ಎಂಥ ಒತ್ತಡ ಹೇರುತ್ತದೆಂಬುದು ಅಂದು ಜಗತ್ತಿಗೆ ಕಾಣಿಸಿತು. ಕರ್ನಾಟಕಕ್ಕೂ ಈ ಲೋಕ ಪರಕೀಯವಲ್ಲ. 2016ರ ಏಪ್ರಿಲ್‌ನಲ್ಲಿ, ಭವಿಷ್ಯನಿಧಿಯ ಹಣ ಹಿಂಪಡೆಯುವುದನ್ನು ನಿರ್ಬಂಧಿಸಿದ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಬಹುಪಾಲು ಹೆಣ್ಣುಮಕ್ಕಳು, ಬೀದಿಗಿಳಿದಾಗ ಕೇಂದ್ರ ಸರ್ಕಾರ ಆ ನಿಯಮವನ್ನು ಕೈಬಿಡಬೇಕಾಯಿತು. ಸಣ್ಣ ಸಂಬಳದಲ್ಲಿ ಉಳಿಸಿದ ಆ ನಿಧಿಯೇ ಮಗಳ ಮದುವೆಗೂ ಮನೆಯ ಸಾಲಕ್ಕೂ ಆಧಾರವಾಗಿದ್ದವರ ಆತಂಕ ಅದು.

ಇಲ್ಲಿ ಒಂದು ಸುಲಭದ ತಪ್ಪು ತೀರ್ಮಾನವನ್ನು ತಡೆಯಬೇಕು. ಅಗ್ಗದ ಬಟ್ಟೆಯಲ್ಲಿ ಶೋಷಣೆ ಇರಬಹುದಾದ್ದರಿಂದ ದುಬಾರಿ ಬಟ್ಟೆ ಕೊಂಡವರ ಕೈ ಶುದ್ಧವೆಂಬ ನೆಮ್ಮದಿಗೆ ಆಧಾರವಿಲ್ಲ. ಒಂದೇ ಕಾರ್ಖಾನೆಯಲ್ಲಿ ಅಗ್ಗದ ಬ್ರ್ಯಾಂಡಿನ ಅಂಗಿಯೂ ದುಬಾರಿ ಬ್ರ್ಯಾಂಡಿನ ಅಂಗಿಯೂ ಸಿದ್ಧವಾಗಬಲ್ಲವು, ಎರಡನ್ನೂ ಹೊಲಿಯುವವರಿಗೆ ಒಂದೇ ಕೂಲಿ ಸಲ್ಲಬಹುದು, ಬೆಲೆಯ ಅಂತರವೆಲ್ಲ ಹೆಸರು, ಮಳಿಗೆ, ಪ್ರಚಾರಗಳ ಪಾಲಾಗಬಹುದು. ಹೀಗೆ ಬೆಲೆಯು ಸೊಗಸಿಗೆ ಪ್ರಮಾಣವಲ್ಲದಂತೆಯೇ ನ್ಯಾಯಕ್ಕೂ ಪ್ರಮಾಣವಲ್ಲ. ಒಂದೇ ಅಂಗಿ ಕೊಳ್ಳಲು ಶಕ್ತಿಯಿರುವ ಕೂಲಿಕಾರನು ಬೀದಿಬದಿಯಲ್ಲಿ ಅಗ್ಗದ ಅಂಗಿ ಕೊಂಡು ವರ್ಷಗಟ್ಟಲೆ ತೊಡುವುದಕ್ಕೂ, ಅನುಕೂಲಸ್ಥರು ಅಗ್ಗವೆಂಬ ಒಂದೇ ಕಾರಣಕ್ಕೆ ಹತ್ತು ಅಂಗಿ ಕೊಂಡು ಎರಡು ಸಲ ತೊಟ್ಟು ಎಸೆಯುವುದಕ್ಕೂ ವ್ಯತ್ಯಾಸವಿದೆ. ಫಾಸ್ಟ್ ಫ್ಯಾಷನ್ ಬೆಳೆಯುವುದು ಎರಡನೆಯವರಿಂದ. ಕೈಮಗ್ಗದ ವಿಷಯದಲ್ಲಿಯೂ ಇಂಥದೇ ಎಚ್ಚರ ಬೇಕು. ಕೆಲವು ವಸ್ತ್ರಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾನೂನು 1985ರಲ್ಲಿ ಬಂತು, ಅಸಲಿ ಕೈಮಗ್ಗದ ಬಟ್ಟೆಯನ್ನು ಗುರುತಿಸಲು ‘ಹ್ಯಾಂಡ್‌ಲೂಮ್ ಮಾರ್ಕ್’ ಎಂಬ ಮುದ್ರೆ 2006ರಲ್ಲಿ ಜಾರಿಯಾಯಿತು. ಆದರೂ ವಿದ್ಯುತ್ ಮಗ್ಗದಲ್ಲಿ ಕೃತಕ ನೂಲಿನಿಂದ ನೇಯ್ದ ನಕಲಿ ಇಳಕಲ್ಲು ಅಸಲಿಯ ಹೆಸರಿನಲ್ಲಿ ಮಾರಾಟವಾಗುತ್ತಿದೆ. ವಿದ್ಯುತ್ ಮಗ್ಗದ ಬಟ್ಟೆ ತನ್ನದೇ ಹೆಸರಿನಲ್ಲಿ ಬಂದರೆ ಅದರಲ್ಲಿ ದೋಷವಿಲ್ಲ; ನೇಕಾರರ ಹೆಸರನ್ನೂ ಅವರ ಅನ್ನವನ್ನೂ ಒಟ್ಟಿಗೆ ಕಸಿಯುವ ಅಗ್ಗತನ ಮಾತ್ರ ಒಪ್ಪತಕ್ಕದ್ದಲ್ಲ.

ಹಾಗಾದರೆ ಕೊಳ್ಳುವವರಿಗೆ ಬೆಲೆಯ ಬದಲು ಯಾವ ಅಳತೆಗೋಲು ಇರಬೇಕು? ಉಡುಪಿನ ಒಟ್ಟು ಬೆಲೆಯನ್ನು ಅದನ್ನು ಉಟ್ಟ ಸಲಗಳಿಂದ ಭಾಗಿಸಿ ನೋಡುವ ‘ಪ್ರತಿ ಉಡಿಕೆಯ ವೆಚ್ಚ’ ಎಂಬ ಲೆಕ್ಕ ಇಲ್ಲಿ ನೆರವಾಗುತ್ತದೆ. 400 ರೂಪಾಯಿಯ ಅಂಗಿ ಐದು ಸಲ ತೊಟ್ಟೊಡನೆ ಬಣ್ಣಗೆಟ್ಟರೆ ಪ್ರತಿ ಸಲಕ್ಕೆ 80 ರೂಪಾಯಿ ಬಿದ್ದಂತಾಯಿತು. 3,000 ರೂಪಾಯಿಯ ಅಂಗಿ ನೂರು ಸಲ ಬಾಳಿದರೆ 30 ರೂಪಾಯಿ ಮಾತ್ರ. ಅದೇ 400 ರೂಪಾಯಿಯ ಹತ್ತಿಯ ಅಂಗಿಯನ್ನು ಚೆನ್ನಾಗಿ ಆರಿಸಿ ನೂರು ಸಲ ತೊಟ್ಟರೆ ಕೇವಲ 4 ರೂಪಾಯಿ. ಈ ಲೆಕ್ಕವು ಕನ್ನಡದ ಮಧ್ಯಮವರ್ಗದ ಒಂದು ರೂಢಿಯನ್ನೂ ಪ್ರಶ್ನಿಸುತ್ತದೆ: ವರ್ಷಕ್ಕೊಮ್ಮೆ ಬೀರುವಿನಿಂದ ಹೊರಬರುವ ಉಡುಪಿಗೆ ಹೆಚ್ಚು ಹಣ ಸುರಿದು, ದಿನವೂ ಉಡುವ ಬಟ್ಟೆಯನ್ನು ಹೇಗಿದ್ದರೂ ಸರಿಯೆಂದು ಕೊಳ್ಳುವುದು ವಿವೇಕವಲ್ಲ. ಆದರೆ ಲೆಕ್ಕವೇ ಎಲ್ಲವೂ ಅಲ್ಲ. 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ನೇಯ್ಗೆ ಕಾರ್ಖಾನೆಯಿಂದ ಬರುವ ಮೈಸೂರು ರೇಷ್ಮೆ ಸೀರೆಯಂಥದು ಒಬ್ಬರ ಜೀವಿತದಲ್ಲಿ ಕೆಲವೇ ಸಲ ಬಳಕೆಯಾದರೂ, ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಸಾಗುವಾಗ ಅದರ ಲೆಕ್ಕವನ್ನು ಮನೆತನದ ಬಾಳಿನಲ್ಲಿ ನೋಡಬೇಕು. ಅಂಥ ಒಂದು ಸೀರೆಯನ್ನು ಉಳಿಸಿಕೊಂಡು, ಅದರ ಸುತ್ತ ಅಲ್ಪಬೆಲೆಯ ಕುಪ್ಪಸಗಳನ್ನು ಬದಲಿಸುತ್ತ ಹೋಗುವುದು ಹೊಸ ಸೀರೆಗಳನ್ನು ಕೊಳ್ಳುತ್ತಲೇ ಇರುವುದಕ್ಕಿಂತ ಮೇಲು.

ಅಗ್ಗದ ಉಡುಪನ್ನು ಆರಿಸುವಲ್ಲಿ ಪಾಲಿಸಬೇಕಾದ ಮುಖ್ಯ ಸೂತ್ರವೊಂದಿದೆ: ಅಗ್ಗತನವು ಬಟ್ಟೆಯಲ್ಲಿ ಕಾಣುವುದಕ್ಕಿಂತ ಅದರ ಅಲಂಕಾರದಲ್ಲಿ ಹೆಚ್ಚಾಗಿ ಕಾಣುತ್ತದೆ. ಸಾದಾ ಹತ್ತಿಬಟ್ಟೆಗೆ ಬಯಲಾಗುವ ಗುಟ್ಟೇ ಇಲ್ಲ. ಬೆಳ್ಳಿಯ ಎಳೆಗೆ ಚಿನ್ನದ ಲೇಪವುಳ್ಳ ನಿಜ ಜರಿಯನ್ನು ಅನುಕರಿಸಿ ಪ್ಲಾಸ್ಟಿಕ್ಕಿನಿಂದ ತಯಾರಿಸಿದ ಜರಿಯಾದರೋ ಕೆಲವೇ ಒಗೆತಗಳಲ್ಲಿ ಕಳೆಗುಂದಿ ಉಡುಪನ್ನೆಲ್ಲ ಕೆಡಿಸುತ್ತದೆ. ಅಂಟಿಸಿದ ಹರಳು, ಹಗುರ ಗುಂಡಿ, ಕಸೂತಿಯಂತೆ ಕಾಣಲು ಮಾಡಿದ ಮುದ್ರಣ, ಇವೆಲ್ಲ ಇಲ್ಲದ್ದನ್ನು ಇದೆಯೆಂದು ಹೇಳುವ ಅಲಂಕಾರಗಳು. ಆದ್ದರಿಂದ ಅಗ್ಗವಾದದ್ದನ್ನು ಸಾದಾ ಆಗಿಯೇ ಕೊಂಡು, ಅಲಂಕಾರವನ್ನು ಒಂದೆರಡು ಒಳ್ಳೆಯ ವಸ್ತುಗಳಿಗೆ ಬಿಡುವುದು ಉಚಿತ. ಬಟ್ಟೆಯ ಒಳಮೈಯನ್ನು ಹೊರಳಿಸಿ ನೋಡಿದಾಗ ಹೊಲಿಗೆ ಒತ್ತಾಗಿದೆಯೇ, ಸಡಿಲಿಸಲು ಒಳಗೆ ಬಟ್ಟೆ ಬಿಟ್ಟಿದ್ದಾರೆಯೇ, ಗೆರೆಗಳು ಜೋಡಣೆಯಲ್ಲಿ ಕೂಡುತ್ತವೆಯೇ ಎಂಬುದು ತಿಳಿಯುತ್ತದೆ. ನೂಲಿನ ಅನುಮಾನವಿದ್ದರೆ ಅಂಚಿನ ಎರಡೆಳೆ ತೆಗೆದು ಎಚ್ಚರದಿಂದ ಸುಟ್ಟು ನೋಡುವ ಹಳೆಯ ಪರೀಕ್ಷೆಯಿದೆ: ಹತ್ತಿ ಕಾಗದದ ವಾಸನೆ ಬೀರಿ ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟಂತೆ ನಾರುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇವೆಲ್ಲಕ್ಕಿಂತ ದೊಡ್ಡದು ಮೈಗೊಪ್ಪುವ ಅಳತೆ. ಬಡಾವಣೆಯ ದರ್ಜಿಯ ಕೈಯಲ್ಲಿ ತೋಳು ಮೋಟಾಗಿಸಿ ಬದಿಯ ಹೊಲಿಗೆ ಸರಿಪಡಿಸಿದ ಅಗ್ಗದ ಕುರ್ತಾ, ಭುಜ ಇಳಿಬಿದ್ದ ದುಬಾರಿ ಕುರ್ತಾಕ್ಕಿಂತ ಯಾವಾಗಲೂ ಲಕ್ಷಣವಾಗಿರುತ್ತದೆ; ಹಾಗೆ ಕೊಟ್ಟ ಹಣ ಹತ್ತಿರದ ಕುಶಲಕರ್ಮಿಯ ಕೈಸೇರುತ್ತದೆಂಬುದು ಇನ್ನೊಂದು ಒಳಿತು.

ಈ ವಾದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ನೂಲಿನ ಗುಣ, ನೇಯ್ಗೆಯ ಮೂಲ, ಕೂಲಿಯ ನ್ಯಾಯ ಎಲ್ಲವನ್ನೂ ವಿಚಾರಿಸಿ ಕೊಳ್ಳಲು ಬಿಡುವೂ ತಿಳಿವಳಿಕೆಯೂ ಬೇಕು, ಅವು ಇರುವುದು ಅನುಕೂಲಸ್ಥರಲ್ಲಿ; ಹೀಗಾಗಿ ಹಣದ ಪ್ರದರ್ಶನದ ಬದಲಿಗೆ ಅಭಿರುಚಿಯ ಪ್ರದರ್ಶನ ಬಂದೀತು ಅಷ್ಟೇ. ಅಭಿರುಚಿಯೂ ವರ್ಗಭೇದವನ್ನು ಕಾಯುವ ಸಾಧನವಾಗಬಲ್ಲದೆಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೂರ್ದ್ಯೂ 1979ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ವಿಸ್ತಾರವಾಗಿ ತೋರಿಸಿದ್ದಾನೆ. ಈ ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದು ಪೂರ್ಣಸತ್ಯವಲ್ಲ. ಬಟ್ಟೆಯ ತಿಳಿವಳಿಕೆ ಎಂದೂ ಉಳ್ಳವರ ಸ್ವತ್ತಾಗಿರಲಿಲ್ಲ. ಸೆರಗನ್ನು ಬೆರಳಿನಿಂದ ಉಜ್ಜಿ ನೂಲಿನ ಗುಣ ಹೇಳಬಲ್ಲ ಅಜ್ಜಿಯರು, ಬಣ್ಣ ಬಿಡುವುದೋ ಇಲ್ಲವೋ ಎಂದು ಒದ್ದೆ ಬಟ್ಟೆಯಿಂದ ಒರೆಸಿ ನೋಡುವ ಹಳ್ಳಿಯ ಗಿರಾಕಿಗಳು, ಗಿರಾಕಿಯ ಮೈಕಟ್ಟು ನೋಡಿ ಎಷ್ಟು ಮೀಟರ್ ಬೇಕೆಂದು ಹೇಳುವ ದರ್ಜಿಗಳು, ಮಗ್ಗದ ಮುಂದೆ ಬಾಳು ಸವೆಸಿದ ನೇಕಾರರು, ಇವರೇ ಆ ತಿಳಿವಳಿಕೆಯ ಒಡೆಯರು. ಚಿತ್ರ ನೋಡಿ ಬಟ್ಟೆ ಕೊಳ್ಳುವ ಈಗಿನ ಕ್ರಮದಲ್ಲಿ, ಮುಟ್ಟಿ ನೋಡುವ ಅವಕಾಶದೊಂದಿಗೆ ಆ ತಿಳಿವಳಿಕೆಯೂ ಕಳೆದುಹೋಗುತ್ತಿದೆ. ಅದನ್ನು ಮರಳಿ ಎಲ್ಲರ ಸೊತ್ತಾಗಿಸುವುದೇ ಆಕ್ಷೇಪಕ್ಕೆ ತಕ್ಕ ಉತ್ತರ.

ಈ ದಿಕ್ಕಿನ ಪ್ರಯತ್ನಗಳು ನಮ್ಮಲ್ಲಿ ಹೊಸವಲ್ಲ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಸ್ವತಂತ್ರ ಭಾರತದ ಕೈಕಸುಬು ಮತ್ತು ಕೈಮಗ್ಗಗಳಿಗೆ ಗೌರವದ ಸ್ಥಾನ ದೊರಕಿಸಲು ಬಾಳನ್ನೇ ಮುಡುಪಿಟ್ಟರು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ ಬೆಳೆದ ‘ಚರಕ’ ಮಹಿಳಾ ಸಹಕಾರ ಸಂಘವು ಹಳ್ಳಿಯ ಹೆಣ್ಣುಮಕ್ಕಳ ಕೈಯಿಂದ ನೈಸರ್ಗಿಕ ಬಣ್ಣದ ಕೈಮಗ್ಗದ ಉಡುಪುಗಳನ್ನು ಸಿದ್ಧಪಡಿಸಿ, ಸಾಮಾನ್ಯರ ನಿತ್ಯದ ಬಳಕೆಗೂ ಅವು ಸಲ್ಲುತ್ತವೆಂದು ತೋರಿಸಿತು. ಇಂಥ ಪ್ರಯತ್ನಗಳು ಉಳಿಯುವುದು ವರ್ಷಕ್ಕೊಮ್ಮೆ ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನದಂದು ಸಲ್ಲುವ ಹೊಗಳಿಕೆಯಿಂದಲ್ಲ, ಕೊಳ್ಳುವವರ ದಿನದಿನದ ಆಯ್ಕೆಯಿಂದ. ಆದ್ದರಿಂದ ಓದುಗರು ಮುಂದಿನ ಸಲ ಅಗ್ಗದ ಬಟ್ಟೆಯೊಂದನ್ನು ಕೈಗೆತ್ತಿಕೊಂಡಾಗ ಇದು ಏಕೆ ಅಗ್ಗ ಎಂದು ಕೇಳಲಿ. ಸರಳವಾದದ್ದರಿಂದ ಅಗ್ಗವೆಂದಾದರೆ ಹೆಮ್ಮೆಯಿಂದ ಕೊಳ್ಳಲಿ, ಉಳಿದದ್ದರಿಂದ ಅಗ್ಗವೆಂದಾದರೆ ಹಿಂಜರಿಯದೆ ಕೊಂಡು ತಮ್ಮ ಅತ್ಯುತ್ತಮ ಉಡುಪಿನೊಂದಿಗೆ ಬೆರೆಸಿ ಉಡಲಿ, ಇನ್ನೊಬ್ಬರ ಕೂಲಿ ಕತ್ತರಿಸಿದ್ದರಿಂದ ಅಗ್ಗವೆಂಬ ಅನುಮಾನ ಬಲವಾದರೆ ಅಲ್ಲೇ ಬಿಡಲಿ. ಕೊಂಡದ್ದನ್ನು ಹರಿಯುವವರೆಗೂ ಉಡಲಿ, ಹರಿದದ್ದನ್ನು ಹೊಲಿಸಲಿ, ತಾವು ಬಲ್ಲ ಬಟ್ಟೆಯ ಗುಣವನ್ನು ಮನೆಯ ಮಕ್ಕಳಿಗೆ ಹೇಳಿಕೊಡಲಿ.